‘ನ್’ ಬಂದರೆ ಸೋತಂತೆ

ಮೊನ್ನೆ ಕಾರಿನ ಇನ್ಶೂರೆನ್ಸ್ ಕಾಗದ ಹುಡುಕಲು ಗ್ಲೋವ್ ಬಾಕ್ಸ್ ತೆಗೆದಾಗ ನಾಲ್ಕಾಗಿ ಮಡಚಿದ ಹಾಳೆಯೊಂದು ನನ್ನ ಗಂಡನ ಕೈಗೆ ಸಿಕ್ಕಿತು. ಬಿಡಿಸಿ ನೋಡಿದರು. ಅಕ್ಷರ ಕನ್ನಡದ್ದು, ಬರಹ ನನ್ನದು, ಓದಿದರೆ ಮಾತ್ರ ಒಂದು ಪದವೂ ಅರ್ಥವಾಗಲಿಲ್ಲ. ನಡುನಡುವೆ ಪೆನ್ಸಿಲಿನಲ್ಲಿ ‘ಇಲ್ಲಿ ಉಸಿರು’, ‘ಇಲ್ಲಿ ಕಿರುಚಬೇಡ’ ಎಂದು ಬೇರೆ ಬರೆದಿತ್ತು.

“ಏನೇ ಇದು, ಯಾವುದಾದ್ರೂ ಮಂತ್ರವಾ?” ಅಂದರು.

“ಜಪಾನಿ ಹಾಡು,” ಅಂದೆ. “ಹರಿದು ಬಿಸಾಕಿ.”

ಅವರು ಬಿಸಾಕಲಿಲ್ಲ. ನನ್ನ ಗಂಡ ಯಾವುದನ್ನೂ ಬಿಸಾಕುವವರಲ್ಲ. ಹೀಗಾಗಿ ಆ ಹಾಳೆ ಊಟದ ಮೇಜಿನ ಮೇಲೆ ಎರಡು ದಿನ ಕೂತಿತು. ನಾನು ಮರೆತಿದ್ದೆ ಅಂದುಕೊಂಡಿದ್ದೆಲ್ಲ ಒಂದೊಂದಾಗಿ ಎದ್ದು ಬಂತು.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನನಗೆ ಹಾಡಲು ಬರುವುದಿಲ್ಲ. ಮೈಸೂರಿನ ನಮ್ಮ ಸ್ಕೂಲಿನಲ್ಲಿ ಪ್ರಾರ್ಥನೆಯ ಗುಂಪಿಗೆ ಎತ್ತರ ನೋಡಿ ಆರಿಸುತ್ತಿದ್ದರು. ನಾನು ಎತ್ತರ ಇದ್ದೆ. ಮೂರನೇ ದಿನ ಸಂಗೀತದ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, “ನೀನು ಬಾಯಿ ಆಡಿಸು ಸಾಕು ಪುಟ್ಟ, ಉಳಿದದ್ದು ಅವರು ನೋಡ್ಕೋತಾರೆ” ಅಂದರು. ಎರಡು ವರ್ಷ ಬಾಯಿ ಆಡಿಸಿದೆ. ಟೂರಿಗೆ ಹೋಗುವ ಬಸ್ಸಿನಲ್ಲಿ ಅಂತ್ಯಾಕ್ಷರಿ ಶುರುವಾದರೆ ನಾನು ಹಿಂದಿನ ಸೀಟಿಗೆ ಸರಿಯುತ್ತಿದ್ದೆ. ಗೊತ್ತಿರುವ ಹಾಡುಗಳೆಲ್ಲ ಆ ಹೊತ್ತಿಗೆ ಸರಿಯಾಗಿ ಮಾಯವಾಗುತ್ತಿದ್ದವು. ನನ್ನ ಸರದಿ ಬಂದಾಗ ಬಸ್ಸು ಏನಾದರೂ ಕೆಟ್ಟು ನಿಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದೆ. ಒಂದು ಸಲ ನಂಜನಗೂಡಿನ ಹತ್ತಿರ ಕೆಟ್ಟೂ ನಿಂತಿತು. ಹೊತ್ತು ಕಳೆಯಲು ಟೀಚರು ಇನ್ನೊಂದು ಸುತ್ತು ಅಂತ್ಯಾಕ್ಷರಿ ಆಡಿಸಿದರು.

ಇಂಥವಳಿಗೆ ಡಾಲಸ್ ಪಕ್ಕದ ಪ್ಲೇನೋದಲ್ಲಿ ಕೆಲಸ ಸಿಕ್ಕಿದ್ದು ಒಂದು ಜಪಾನಿ ಕಂಪನಿಯಲ್ಲಿ. ದೊಡ್ಡ ಕಂಪನಿಯೇನಲ್ಲ. ಗೋದಾಮಿನ ಲೆಕ್ಕ ಇಡುವ ಸಾಫ್ಟ್‌ವೇರ್ ನಮ್ಮದು. ಪ್ಲೇನೋದಲ್ಲಿ ಹದಿನೈದು ಜನ, ಹ್ಯೂಸ್ಟನ್ನಿನಲ್ಲಿ ಹತ್ತು, ಆಸ್ಟಿನ್ ಕಡೆ ರೌಂಡ್ ರಾಕಿನಲ್ಲಿ ಆರೇಳು. ಮೂರು ಊರಿಗೂ ಸೇರಿ ಒಬ್ಬರೇ ಮ್ಯಾನೇಜರ್, ಮೊರಿಟಾ ಅವರು. ಮೃದುವಾದ ಮನುಷ್ಯ. ಐದು ವರ್ಷದಲ್ಲಿ ಅವರು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಆದರೆ ನಾಲ್ಕು ತಿಂಗಳಿಗೊಮ್ಮೆ ಮೂರು ಊರಿನವರನ್ನೂ ಒಂದು ಕಡೆ ಸೇರಿಸಿ, ಊಟ ಹಾಕಿಸಿ, ಸರದಿಯ ಮೇಲೆ ಐದಾರು ಜನರ ಕೈಗೆ ಮೈಕ್ ಕೊಟ್ಟು, “ದಯವಿಟ್ಟು ಒಂದು ಹಾಡು” ಎಂದು ತಲೆ ಬಾಗಿಸುತ್ತಿದ್ದರು. ಯಾವ ಭಾಷೆಯಲ್ಲಾದರೂ ಹಾಡಬಹುದು ಎಂದು ಬಾಯಲ್ಲಿ ಹೇಳುತ್ತಿದ್ದರು. ಇಂಗ್ಲಿಷಿನಲ್ಲಿ ಹಾಡಿದರೆ ಚಪ್ಪಾಳೆ ನಾಲ್ಕು ಕೈಯದ್ದು. ಜಪಾನಿಯಲ್ಲಿ ಹಾಡಿದರೆ ಎಲ್ಲರೂ ನೆಟ್ಟಗೆ ಕೂರುತ್ತಿದ್ದರು. ಹೀಗಾಗಿ ಜಪಾನಿ ಹಾಡು ಎಂಬುದು ಯಾರೂ ಹೇಳದ ರೂಲ್ ಆಗಿತ್ತು. ಯಾರೂ ಹೇಳದ ರೂಲನ್ನು ಮುರಿಯುವುದು ಎಷ್ಟು ಕಷ್ಟ ಎಂದು ಕೂಡು ಕುಟುಂಬಕ್ಕೆ ಸೊಸೆಯಾಗಿ ಹೋದವರಿಗೆ ಹೇಳಬೇಕಾಗಿಲ್ಲ.

ಆಫೀಸಿನ ಖರ್ಚಿನಲ್ಲಿ ಎರಡು ಹಂತದ ಜಪಾನಿ ಕ್ಲಾಸು ಮಾಡಿದ್ದೆ. ಆ ಭಾಷೆಯ ಉಚ್ಚಾರ ನಮ್ಮ ನಾಲಿಗೆಗೆ ಒಗ್ಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಗೊಂದಲ, ಕನ್ನಡದಲ್ಲಿ ಬರೆದರೆ ಹಾಗೇ ಕೂರುತ್ತದೆ. ಅರ್ಥ ಮಾತ್ರ ಎರಡು ಹಂತಕ್ಕೆ ದಕ್ಕುವಂಥದ್ದಲ್ಲ. ಹಾಗಾಗಿ ನಾನು ಹಾಡು ಆರಿಸುತ್ತಿದ್ದದ್ದು ಸೀರೆ ಗೊತ್ತಿಲ್ಲದವರು ಸೀರೆ ಆರಿಸಿದ ಹಾಗೆ. ನಿಧಾನ ಇರಬೇಕು, ಚಿಕ್ಕದಾಗಿರಬೇಕು, ಒಂದೇ ಸಾಲು ಮತ್ತೆ ಮತ್ತೆ ಬರಬೇಕು, ದನಿ ಮೇಲಕ್ಕೆ ಹೋಗಬಾರದು. ಆಫೀಸಿನ ಜಪಾನಿಯವರನ್ನು ಕೇಳಿದರೆ ಉಪಯೋಗವಿಲ್ಲ. “ಈ ಹಾಡು ಪರವಾಗಿಲ್ಲವಾ?” ಅಂದರೆ, “ಓ, ಒಳ್ಳೆಯ ಹಾಡು” ಅನ್ನುತ್ತಾರೆ. ಬೇಡ ಎನ್ನುವುದಕ್ಕೂ ಅದನ್ನೇ ಅನ್ನುತ್ತಾರೆ ಎಂದು ನನಗೆ ತಿಳಿಯಲು ಎರಡು ಹಾಡು ಬೇಕಾದವು.

ಮೊದಲನೆಯದು ಡಾಲಸ್ಸಿನಲ್ಲಿ. ನನ್ನ ಎಲ್ಲ ಷರತ್ತಿಗೂ ಹೊಂದುವ ಹಾಡು ಸಿಕ್ಕಿತ್ತು. ಹಿಂದೆ ಸಣ್ಣಗೆ ಗಂಟೆಯ ಸದ್ದು ಬೇರೆ. ಭಕ್ತಿಗೀತೆ ಇರಬೇಕು ಎಂದುಕೊಂಡು ಕಣ್ಣು ಅರ್ಧ ಮುಚ್ಚಿ ಭಾವ ತುಂಬಿ ಹಾಡಿದೆ. ಎರಡನೇ ಸಾಲಿಗೆ ಹ್ಯೂಸ್ಟನ್ನಿನ ಇಬ್ಬರು ಎದ್ದು ನಿಂತು ಬಲಗೈಯನ್ನು ಬಾಯಿಯ ಮುಂದೆ ಅತ್ತಿತ್ತ ಆಡಿಸತೊಡಗಿದರು. ಆಮೇಲೆ ಎಲ್ಲರೂ ಆಡಿಸಿದರು. ಅದು ನರ್ಸರಿ ಮಕ್ಕಳಿಗೆ ಹಲ್ಲುಜ್ಜುವುದು ಕಲಿಸುವ ಹಾಡು. ಮೊರಿಟಾ ಅವರು ಮರುದಿನ ನನ್ನ ಟೇಬಲಿನ ಹತ್ತಿರ ಬಂದು, “ಬಹಳ ಉಪಯುಕ್ತವಾಗಿತ್ತು” ಎಂದು ತಲೆ ಬಾಗಿಸಿ ಹೋದರು.

ಎರಡನೆಯದು ಆಸ್ಟಿನ್ನಿನಲ್ಲಿ. ಈ ಸಲ ಮಕ್ಕಳ ಸಹವಾಸವೇ ಬೇಡ ಎಂದು ಗಂಭೀರವಾದ ಹಳೇ ಧಾಟಿಯ ಹಾಡು ಹಿಡಿದೆ. ಮೊದಲ ಚರಣ ಮುಗಿಯುವ ಹೊತ್ತಿಗೆ ಒಬ್ಬರು ಕೋಟು ಹಾಕಿಕೊಂಡರು. ಇನ್ನೊಬ್ಬರು ಬ್ಯಾಗಿನಲ್ಲಿ ಕಾರಿನ ಕೀ ಹುಡುಕಿದರು. ನನ್ನ ಹಾಡು ಅಷ್ಟು ಕೆಟ್ಟದಾಗಿದೆಯೇ ಎಂದುಕೊಂಡೇ ಎರಡನೇ ಚರಣ ಹಿಡಿದೆ. ಆಮೇಲೆ ಗೊತ್ತಾದದ್ದು, ಅವರ ಊರಿನ ಅಂಗಡಿಗಳಲ್ಲಿ ಬಾಗಿಲು ಮುಚ್ಚುವ ಹೊತ್ತಾಯಿತು, ಗಿರಾಕಿಗಳು ಹೊರಡಬೇಕು ಎಂದು ತಿಳಿಸಲು ಆ ಧಾಟಿಯನ್ನು ಹಾಕುತ್ತಾರಂತೆ. ಚಿಕ್ಕಂದಿನಿಂದ ಕೇಳಿದ ಕಿವಿ, ತಾವಾಗಿಯೇ ಎದ್ದುಬಿಟ್ಟಿದ್ದಾರೆ. ಊಟದಲ್ಲಿ ಇನ್ನೂ ಐಸ್‌ಕ್ರೀಮ್ ಬರುವುದಿತ್ತು.

ಮೂರನೆಯದರ ಸಮಯಕ್ಕೆ ವಿಷಯ ಬಿಗಿಯಾಯಿತು. ಮೊರಿಟಾ ಅವರಿಗೆ ಊರಿಗೆ ವಾಪಸ್ ಟ್ರಾನ್ಸ್‌ಫರ್ ಆಗಿ, ಹ್ಯೂಸ್ಟನ್ನಿನಲ್ಲಿ ಶನಿವಾರ ಮಧ್ಯಾಹ್ನ ಬೀಳ್ಕೊಡುಗೆ ಇಟ್ಟುಕೊಂಡರು. ಹೆಡ್ ಆಫೀಸಿನಿಂದ ಒಬ್ಬ ಹಿರಿಯರು ಬರುವವರಿದ್ದರು. ಮೊರಿಟಾ ಅವರ ಜಾಗಕ್ಕೆ ಇಬ್ಬರ ಹೆಸರು ಓಡಾಡುತ್ತಿತ್ತು. ಒಂದು ನನ್ನದು, ಇನ್ನೊಂದು ರೌಂಡ್ ರಾಕಿನ ಪ್ರಸನ್ನನದು. ಹಾಡಿಗೂ ಆ ಕೆಲಸಕ್ಕೂ ಸಂಬಂಧವಿದೆ ಎಂದು ಯಾರೂ ಹೇಳಲಿಲ್ಲ. ಇಲ್ಲ ಎಂದೂ ಯಾರೂ ಹೇಳಲಿಲ್ಲ.

ಪ್ರಸನ್ನ ಬೆಂಗಳೂರಿನವನು, ನಿಜಕ್ಕೂ ಚೆನ್ನಾಗಿ ಹಾಡುತ್ತಾನೆ. ನನಗೆ ಅವನ ಮೇಲೆ ಸಿಟ್ಟಿರುವುದು ಆ ಕಾರಣಕ್ಕಲ್ಲ. ಹದಿನೈದು ದಿನ ಮೊದಲು ಫೋನ್ ಮಾಡಿದ.

“ಸುಮಾ ಅವ್ರೇ, ನೀವು ಯಾವ್ದು ಹಾಡ್ತಿದೀರ? ಸುಮ್ನೆ ಕೇಳ್ದೆ. ಇಬ್ರೂ ಒಂದೇ ಹಾಡು ಆಗ್ಬಾರ್ದಲ್ಲ.”

ಹೌದಲ್ಲ, ಎಂಥ ಸಜ್ಜನ ಎಂದುಕೊಂಡು ನಾನು ಹಾಡಿನ ಹೆಸರು, ಅದು ಸಿಗುವ ಕಡೆ, ಎಲ್ಲಿ ಉಸಿರು ಎಳೆದುಕೊಳ್ಳಬೇಕು, ಎಲ್ಲವನ್ನೂ ಹೇಳಿದೆ. ಈ ಸಲ ಅರ್ಥವನ್ನೂ ಮೂರು ಜನರ ಹತ್ತಿರ ವಿಚಾರಿಸಿ ಖಾತ್ರಿ ಮಾಡಿಕೊಂಡಿದ್ದೆ. ದೂರ ಹೊರಟ ಗೆಳೆಯನಿಗೆ ದಾರಿ ಒಳ್ಳೆಯದಾಗಲಿ ಎಂದು ಹಾರೈಸುವ ಹಾಡು. ಆರು ವಾರ ಆಫೀಸಿಗೆ ಹೋಗಿ ಬರುವ ಕಾರಿನಲ್ಲಿ ಅದನ್ನೇ ಅರಚಿದೆ.

ಹ್ಯೂಸ್ಟನ್ನಿಗೆ ಹೊರಡುವ ವಾರ ನನ್ನ ಗಂಡ ಬೇರೆ ಊರಿನಲ್ಲಿ ಕೆಲಸದ ಮೇಲಿದ್ದರು. ಮನೆಯಲ್ಲಿ ಧಾರವಾಡದಿಂದ ಬಂದಿದ್ದ ನಮ್ಮ ಅತ್ತೆ. ಅವರನ್ನು ಒಬ್ಬರನ್ನೇ ಬಿಟ್ಟು ಹೋಗುವುದು ಹೇಗೆ ಎಂದು ಮೊರಿಟಾ ಅವರ ಹತ್ತಿರ ಹೇಳಿದಾಗ, “ಖಂಡಿತ ಕರೆದುಕೊಂಡು ಬನ್ನಿ” ಅಂದರು. ಸ್ವಲ್ಪ ತಡೆದು, ತಾವು ಹಿಂದಿನ ದಿನವೇ ಹೋಗಬೇಕಾಗಿದೆ, ತಮ್ಮ ಹೆಂಡತಿಯನ್ನೂ ನನ್ನ ಕಾರಿನಲ್ಲಿ ಕರೆತರಲು ಆಗುತ್ತದೆಯೇ ಎಂದು ಕೇಳಿದರು. ಅವರ ಹೆಂಡತಿ ಕಾಝುಕೋ ಐವತ್ತೈದರ ಹೆಂಗಸು. ಇಂಗ್ಲಿಷ್ ಅಷ್ಟಕ್ಕಷ್ಟೆ. ಕೂಟಗಳಲ್ಲಿ ಮೂಲೆಯಲ್ಲಿ ಕೂತು ಎಲ್ಲರ ಹಾಡಿಗೂ ಒಂದೇ ಅಳತೆಯಲ್ಲಿ ಚಪ್ಪಾಳೆ ತಟ್ಟುತ್ತಿದ್ದರು. ಅವರ ದನಿಯನ್ನೇ ನಾನು ಕೇಳಿರಲಿಲ್ಲ.

ಪ್ಲೇನೋದಿಂದ ಹ್ಯೂಸ್ಟನ್ ನಾಲ್ಕೂವರೆ ಗಂಟೆ. ಹಿಂದಿನ ಸೀಟಿನಲ್ಲಿ ಇಬ್ಬರೂ ನಡುವೆ ಚುರುಮುರಿ ಡಬ್ಬಿ ಇಟ್ಟುಕೊಂಡು ಮುಗುಳ್ನಗುತ್ತಾ ಕೂತರು. ಡಾಲಸ್ ದಾಟುವಷ್ಟರಲ್ಲಿ ಮುಗುಳ್ನಗೆ ಖಾಲಿಯಾಯಿತು.

“ಈಕಿಗೆ ಏನರ ಮಾತಾಡ್ಸು ಸುಮಾ. ನೋಡಿ ನೋಡಿ ನಕ್ಕು ನನ್ನ ಗಲ್ಲ ನೋಯ್ಲಿಕ್ಕೆ ಹತ್ಯಾವ,” ಅಂದರು ಅತ್ತೆ.

ನನ್ನ ಎರಡು ಹಂತದ ಜಪಾನಿಯಲ್ಲಿ ಹವಾಮಾನ ಮುಗಿದಿತ್ತು. ಆಗ ಕಾಝುಕೋ ಅವರೇ ಮೆಲ್ಲಗೆ, “ಶಿರಿತೊರಿ?” ಅಂದರು. ಅದು ಅವರ ಮಕ್ಕಳ ಆಟ. ಒಬ್ಬರು ಒಂದು ಪದ ಹೇಳಬೇಕು, ಅದರ ಕೊನೆಯ ಅಕ್ಷರದಿಂದ ಇನ್ನೊಬ್ಬರು ಪದ ಕಟ್ಟಬೇಕು. ‘ನ್’ ಎಂದು ಮುಗಿಯುವ ಪದ ಹೇಳಿದವರು ಸೋತಂತೆ, ಯಾಕೆಂದರೆ ಅವರಲ್ಲಿ ‘ನ್’ನಿಂದ ಶುರುವಾಗುವ ಪದವೇ ಇಲ್ಲ. ನಾನು ಅತ್ತೆಗೆ ವಿವರಿಸಿದೆ. ಧಾರವಾಡದಲ್ಲಿ ಅವರ ಓಣಿಯ ಅಂತ್ಯಾಕ್ಷರಿಗೆ ಮೂವತ್ತು ವರ್ಷ ನಾಯಕತ್ವ ವಹಿಸಿದ ಹೆಂಗಸು ಅವರು. ಬೆನ್ನು ನೆಟ್ಟಗೆ ಮಾಡಿಕೊಂಡರು.

“ಆಕಿ ಆಕಿ ಭಾಷಾದಾಗ ಹೇಳ್ಲಿ, ನಾ ನನ್ನ ಭಾಷಾದಾಗ ಹೇಳ್ತೀನಿ. ನೀ ನಡುವ ಬಾಯಿ ಹಾಕಬ್ಯಾಡ.”

ಕಾಝುಕೋ ಅವರು ‘ಸಾಕುರಾ’ ಅಂದರು. ಅತ್ತೆ ‘ರಾಗಿ’. ಅವರು ‘ಗಿಂಕೋ’, ಅಂದರೆ ಬ್ಯಾಂಕು. ಅತ್ತೆ ‘ಕೋಸಂಬರಿ’. ಅವರು ‘ರಿಂಗೋ’, ಸೇಬು. ಅತ್ತೆ ‘ಗೋಧಿ’. ಅಲ್ಲಿ ಮೊದಲ ಜಗಳ. ಜಪಾನಿಯಲ್ಲಿ ‘ಧಿ’ ಇಲ್ಲ. ಹತ್ತಿರದ್ದು ‘ಜಿ’ ಎಂದು ಅವರು ‘ಜಿಶೋ’, ನಿಘಂಟು, ಅಂದರು.

“ಧಿಗೂ ಜಿಗೂ ಏನ್ ಸಂಬಂಧ? ಕೇಳು ಆಕಿನ್ನ.”

“ಬಿಡಿ ಅತ್ತೆ, ಅವರಲ್ಲಿ ಹಾಗೇ.”

“ನೀ ಆಕಿ ಕಡೀ ಆದಿ.”

ನಾನು ಗಂಟೆಗೆ ಎಪ್ಪತ್ತು ಮೈಲಿಯಲ್ಲಿ ಲಾರಿಗಳ ನಡುವೆ ಹೋಗುತ್ತಿದ್ದೆ. ಡ್ರೈವರೂ ನಾನೇ, ದುಭಾಷಿಯೂ ನಾನೇ, ತೀರ್ಪುಗಾರ್ತಿಯೂ ನಾನೇ. ನಡುವೆ ನನ್ನ ಹಾಡಿನ ಅಭ್ಯಾಸ ಮಾಡೋಣ ಎಂದು ಒಂದು ಸಾಲು ತೆಗೆದರೆ ಇಬ್ಬರೂ ಒಟ್ಟಿಗೆ “ಶ್” ಅನ್ನುತ್ತಿದ್ದರು. ಈ ಒಂದು ಸದ್ದಿಗೆ ಅನುವಾದ ಬೇಕಾಗಲಿಲ್ಲ.

ಅತ್ತೆಯ ಯಾವುದೋ ‘ಲೋಕ’ಕ್ಕೆ ಕಾಝುಕೋ ಅವರು ‘ಕಸ’ ಎಂದಾಗ ಅತ್ತೆ ಡಬ್ಬಿ ಬದಿಗಿಟ್ಟು, “ಕಾಜಕ್ಕಗ ಕನ್ನಡ ಬರ್ತದಲ್ಲೋ” ಅಂದರು. ಅವರಲ್ಲಿ ಕಸ ಅಂದರೆ ಕೊಡೆ ಎಂದು ಹೇಳಿದೆ. ಅಂದಿನಿಂದ ಅವರು ಕಾಜಕ್ಕ. ಅವರು ಅತ್ತೆಯನ್ನು ‘ಓಕಾಸಾನ್’ ಎಂದು ಕರೆದರು, ಅಂದರೆ ಅಮ್ಮ. ಅತ್ತೆಗಿಂತ ಅವರು ಹದಿಮೂರೇ ವರ್ಷ ಚಿಕ್ಕವರು. ಅದನ್ನು ನಾನು ಅನುವಾದಿಸಲಿಲ್ಲ.

ಅರ್ಧ ದಾರಿಗೆ ಅತ್ತೆಗೆ ಆಟದ ಗುಟ್ಟು ತಿಳಿಯಿತು. ಕನ್ನಡದ ತರಕಾರಿ ಬಹಳಷ್ಟು ‘ಕಾಯಿ’ ಎಂದೇ ಮುಗಿಯುತ್ತದೆ. ಜಪಾನಿಯಲ್ಲಿ ‘ಯಿ’ ಇಲ್ಲ, ಹೀಗಾಗಿ ಪ್ರತಿ ಸಲ ಎದುರಿನವರಿಗೆ ‘ಇ’ ಬರುತ್ತದೆ. ಕಾಝುಕೋ ಅವರು ‘ಇನು’, ನಾಯಿ, ಎಂದರೆ ಅತ್ತೆ ‘ನುಗ್ಗಿಕಾಯಿ’. ಮತ್ತೆ ‘ಇ’. ಅವರು ಯೋಚಿಸಿ ‘ಇಸು’ ಎಂದರೆ, ಅಂದರೆ ಕುರ್ಚಿ, ಅತ್ತೆ ‘ಸುಟ್ಟ ಬದನಿಕಾಯಿ’ ಅಂದರು.

“ಅದು ಎರಡು ಪದ ಅತ್ತೆ, ನಡೆಯಲ್ಲ.”

“ಸುಡದಽ ಭರ್ತಾ ಹೆಂಗ ಮಾಡ್ತಿ? ಅದು ಒಂದಽ ಪದಾರ್ಥ.”

ನಾನು ಒಪ್ಪಲಿಲ್ಲ. ಅತ್ತೆ ಮುಂದಿನ ಊರು ಬರುವವರೆಗೂ ಕಿಟಕಿ ಕಡೆ ತಿರುಗಿ ಕೂತರು. ಕೊನೆಗೆ ಕಾಝುಕೋ ಅವರೇ ನನ್ನ ಭುಜ ಮುಟ್ಟಿ, “ಸುಮಾ-ಸಾನ್, ಬದನಿಕಾಯಿ ಓಕೆ” ಎಂದು ತೀರ್ಪನ್ನು ತಳ್ಳಿಹಾಕಿದರು. ಇಬ್ಬರೂ ಒಂದಾದರು. ನಾನು ಹೊರಗಿನವಳಾದೆ.

ಹ್ಯೂಸ್ಟನ್ನಿನ ಆ ರೆಸ್ಟೋರೆಂಟಿನ ಹಿಂದೆ ಕರಾವೋಕೆಗೆಂದೇ, ಯಂತ್ರದ ಸಂಗೀತಕ್ಕೆ ಮೈಕ್ ಹಿಡಿದು ಹಾಡಲೆಂದೇ, ಒಂದು ರೂಮಿತ್ತು. ಹೆಡ್ ಆಫೀಸಿನ ಹಿರಿಯರು ಎದುರಿಗೇ ಕೂತಿದ್ದರು. ಊಟವಾಯಿತು, ಭಾಷಣವಾಯಿತು. ಮೊದಲು ಹ್ಯೂಸ್ಟನ್ನಿನವರು ಹಾಡಿದರು. ನಂತರ ಪ್ರಸನ್ನ ಎದ್ದ. ಪರದೆಯ ಮೇಲೆ ಹಾಡಿನ ಹೆಸರು ಬಂತು. ಆ ಅಕ್ಷರಗಳನ್ನು ಆರು ವಾರ ನೋಡಿದ್ದ ನನಗೆ ಗುರುತಾಗದೇ ಇರುತ್ತದೆಯೇ? ನನ್ನ ಹಾಡು. ನಾನು ಹೇಳಿಕೊಟ್ಟ ಕಡೆಯಲ್ಲೆಲ್ಲ ಸರಿಯಾಗಿ ಉಸಿರು ಎಳೆದುಕೊಂಡು, ಶ್ರುತಿ ತಪ್ಪದೆ, ಮೊರಿಟಾ ಅವರ ಕಣ್ಣು ಒದ್ದೆಯಾಗುವ ಹಾಗೆ ಹಾಡಿದ. ಹಿರಿಯರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೂರಲು ಬರುವಾಗ ನನ್ನ ಪಕ್ಕದಲ್ಲಿ ಬಗ್ಗಿ, “ಸಾರಿ ಸುಮಾ ಅವ್ರೇ, ಬೇರೆ ಯಾವ್ದೂ ಸೆಟ್ಟೇ ಆಗ್ಲಿಲ್ಲ” ಅಂದ.

ಮುಂದಿನ ಸರದಿ ನನ್ನದು. ಮೈಕ್ ಕೈಗೆ ಬಂತು. ತಲೆಯಲ್ಲಿ ಒಂದೂ ಹಾಡಿಲ್ಲ. ಹಲ್ಲುಜ್ಜುವುದು ಮಾತ್ರ ಇತ್ತು. ಎಲ್ಲರೂ ನೋಡುತ್ತಿದ್ದರು. ನಲವತ್ತೆರಡು ವರ್ಷದ ಹೆಂಗಸು, ಮನೆಸಾಲ, ಹದಿನೆಂಟು ವರ್ಷದ ಅನುಭವ ಎಲ್ಲ ಇದ್ದೂ ಮತ್ತೆ ಟೂರಿನ ಬಸ್ಸಿನ ಹುಡುಗಿಯೇ ಆದೆ. ಆಮೇಲೆ ಏನಾಯಿತೋ, ಸಿಟ್ಟು ಬಂತು. ಪ್ರಸನ್ನನ ಮೇಲೆ ಅಷ್ಟೇ ಅಲ್ಲ, ಮೈಕಿನ ಮೇಲೆ, ಎಲ್ಲದಕ್ಕೂ ‘ಒಳ್ಳೆಯ ಹಾಡು’ ಎನ್ನುವವರ ಮೇಲೆ, ಆರು ವಾರ ಕೂಗಿದ ನನ್ನ ಮೇಲೆ.

ಜಪಾನಿಯಲ್ಲಿ, ಎರಡು ಹಂತದಲ್ಲಿ ಎಷ್ಟು ಬರುತ್ತದೋ ಅಷ್ಟರಲ್ಲಿ ಹೇಳಿದೆ. “ನನ್ನ ಹಾಡನ್ನು ಪ್ರಸನ್ನ ಹಾಡಿದರು. ನನ್ನ ಹತ್ತಿರ ಬೇರೆ ಹಾಡಿಲ್ಲ. ನನಗೆ ಹಾಡಲು ಬರುವುದಿಲ್ಲ. ಹಾಡುವುದು ಇಷ್ಟವೂ ಇಲ್ಲ. ಐದು ವರ್ಷದಿಂದ ಇಷ್ಟವಿಲ್ಲ.”

ಪ್ರಸನ್ನ ಫೋನ್ ನೋಡಿಕೊಂಡ. ಮೊರಿಟಾ ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಯಂತ್ರ ಮಾತ್ರ ಮುಂದಿನ ಹಾಡು ಆರಿಸಿ ಎಂದು ಬಣ್ಣಬಣ್ಣದ ದೀಪ ಮಿನುಗಿಸುತ್ತಿತ್ತು. ಮೂಲೆಯಿಂದ ಕಾಝುಕೋ ಅವರು ಎದ್ದು ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡರು. ಯಂತ್ರದ ಹತ್ತಿರ ಹೋಗಿ ಬಗ್ಗಿ ನೋಡಿ, ಪ್ಲಗ್ ಕಿತ್ತರು. ಹೆಡ್ ಆಫೀಸಿನ ಹಿರಿಯರಿಗೆ ಒಂದು ನಮಸ್ಕಾರ ಹಾಕಿದರು.

“ಶಿರಿತೊರಿ,” ಅಂದರು. “ಓಕಾಸಾನ್, ಪ್ಲೀಸ್.”

ಅತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದು ಕೂತರು. ಯಾರು ಯಾವ ಭಾಷೆಯಲ್ಲಾದರೂ ಹೇಳಬಹುದು ಎಂದಾಯಿತು. ಮೂವತ್ತು ಜನ ಗುಂಡಗೆ ಕೂತೆವು. ಪ್ರಸನ್ನ ಎರಡನೇ ಸುತ್ತಿನಲ್ಲೇ ‘ಮಾನ್ಸೂನ್’ ಎಂದು ಹೊರಬಿದ್ದ.

“ಮಳಿ ಅನ್ನಬಾರದಾಗಿತ್ತೇನೋ ತಮ್ಮಾ,” ಅಂದರು ಅತ್ತೆ. “ಕನ್ನಡ ಮರತ್ಯೇನು?”

ನಾನೂ ಬೇಗ ಹೊರಬಿದ್ದೆ. ಅದರಲ್ಲೇನೂ ಹೊಸದಿಲ್ಲ. ಕೊನೆಗೆ ಉಳಿದವರು ಅತ್ತೆ, ಕಾಝುಕೋ ಅವರು, ಮೊರಿಟಾ ಅವರು. ಅತ್ತೆ ‘ಹೀರಿಕಾಯಿ’ ಎಂದು ಮೊರಿಟಾ ಅವರ ಮೇಲೆ ಬಿಟ್ಟರು. ಅವರಿಗೆ ಗೊತ್ತಿದ್ದ ‘ಇ’ ಪದಗಳೆಲ್ಲ ಮುಗಿದಿದ್ದವು. ಅವರು ಬೆವರು ಒರೆಸಿಕೊಂಡು ಥಟ್ಟನೆ “ಇಂಗೆನ್” ಎಂದು, ಹೇಳಿದ ಮೇಲೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಅದಕ್ಕೆ ಕನ್ನಡದಲ್ಲಿ ಏನು ಎಂದು ಅತ್ತೆ ಕೇಳಿದರು. ಹುರುಳಿಕಾಯಿ ಎಂದೆ.

“ಹುರುಳಿಕಾಯಿ ಬಿಟ್ಟು ಇಡ್ಲಿ ಅಂದಿದ್ರ ಇನ್ನಾ ಆಟದಾಗ ಇರ್ತಿದ್ರಿ,” ಅಂದರು ಅತ್ತೆ ಅವರಿಗೇ, ಕನ್ನಡದಲ್ಲೇ.

ಕಾಝುಕೋ ಅವರು ನಕ್ಕರು. ಬಾಯಿಗೆ ಕೈ ಅಡ್ಡ ಇಡದೆ, ಕುರ್ಚಿಯ ಬೆನ್ನು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮೊರಿಟಾ ಅವರು ಹೆಂಡತಿಯನ್ನು ಪರಿಚಯ ಮಾಡಿಕೊಳ್ಳುವವರ ಹಾಗೆ ನೋಡುತ್ತಿದ್ದರು. ರೂಮಿನ ಸಮಯ ಮುಗಿಯಿತು ಎಂದು ರೆಸ್ಟೋರೆಂಟಿನವರು ಬಾಗಿಲು ತಟ್ಟಿದಾಗ ಅತ್ತೆಯೂ ಕಾಝುಕೋ ಅವರೂ ಇನ್ನೂ ಆಡುತ್ತಿದ್ದರು. ಯಾರೂ ಗೆಲ್ಲಲಿಲ್ಲ.

ಕೆಲಸ ಯಾರಿಗೆ ಸಿಕ್ಕಿತು ಎಂದು ಕೇಳುತ್ತೀರಿ. ಪ್ರಸನ್ನನಿಗೂ ಇಲ್ಲ, ನನಗೂ ಇಲ್ಲ. ಚಿಕಾಗೋದಿಂದ ಒಬ್ಬರನ್ನು ಕರೆಸಿದರು. ಅವರಿಗೆ ಹಾಡು ಆಗುವುದಿಲ್ಲ. ನಾಲ್ಕು ತಿಂಗಳಿಗೊಮ್ಮೆ ಬೌಲಿಂಗ್ ಆಡಿಸುತ್ತಾರೆ. ಆ ಚೆಂಡಿನ ತೂತಿನಲ್ಲಿ ನನ್ನ ಹೆಬ್ಬೆರಳು ಸಿಕ್ಕಿಹಾಕಿಕೊಂಡದ್ದು ಬೇರೆಯೇ ಕತೆ, ಅದನ್ನು ನಾನು ಹೇಳುವುದಿಲ್ಲ.

ಮುಗಿಯದ ಆಟದ ಹೊರೆ ಬಿದ್ದದ್ದು ನನ್ನ ಮೇಲೆ. ಅತ್ತೆ ಧಾರವಾಡಕ್ಕೆ, ಕಾಝುಕೋ ಅವರು ಜಪಾನಿಗೆ ಹೋದ ಮೇಲೂ ಇಬ್ಬರೂ ಬಿಡಲಿಲ್ಲ. ದಿನಕ್ಕೊಂದು ಪದ. ಕಾಝುಕೋ ಅವರು ನನ್ನ ಫೋನಿಗೆ ಕಳಿಸುತ್ತಾರೆ, ನಾನು ಧಾರವಾಡಕ್ಕೆ ಫೋನ್ ಮಾಡಿ ಅತ್ತೆಗೆ ಹೇಳಬೇಕು, ಅತ್ತೆ ಕೊಟ್ಟದ್ದನ್ನು ಜಪಾನಿಗೆ ಮುಟ್ಟಿಸಬೇಕು. ಈ ಎರಡು ವರ್ಷದಲ್ಲಿ ನನ್ನ ಗಂಡನ ಜೊತೆ ಆಡಿದ್ದಕ್ಕಿಂತ ಹೆಚ್ಚು ಮಾತು ತರಕಾರಿಯ ಬಗ್ಗೆ ಆಡಿದ್ದೇನೆ.

ಈ ವರ್ಷ ಯುಗಾದಿಯ ಹೊತ್ತಿಗೆ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಆಗ ಅತ್ತೆ ಕೊಟ್ಟಿದ್ದ ಕಡೆಯ ಪದ ‘ನಿಯಮ’. ಒಂಬತ್ತು ದಿನ ಆಟ ನಿಂತಿತು. ಕಾಝುಕೋ ಅವರಿಗೆ ವಿಷಯ ತಿಳಿಸಿದ್ದೆ. ಹತ್ತನೆಯ ದಿನ ಬೆಳಿಗ್ಗೆ ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸುವಾಗ ಅವರ ಪದ ಬಂತು. ‘ಮಮೆಗೊಹಾನ್’. ಬಟಾಣಿ ಹಾಕಿದ ಅನ್ನ. ಕೊನೆಗೆ ‘ನ್’. ಜೊತೆಗೆ ಒಂದು ಸಾಲು: “ನಾನು ಸೋತೆ. ಓಕಾಸಾನ್ ಕಣ್ಣಿಗೆ ವಿಶ್ರಾಂತಿ ಕೊಡಲಿ.”

ಅತ್ತೆಗೆ ಫೋನ್ ಮಾಡಿ ಹೇಳಿದೆ.

“ಆಕಿ ಬೇಕಂತ ಸೋತಾಳ,” ಅಂದರು.

“ಹೌದು ಅತ್ತೆ. ನಿಮಗೆ ತೊಂದರೆ ಆಗಬಾರದು ಅಂತ.”

“ನನಗ ಕಣ್ಣಿಗೆ ಆಪರೇಷನ್ ಆಗೇದ, ಬಾಯಿಗಲ್ಲ. ಆ ಪದ ನಡಿಯೂದಿಲ್ಲಂತ ಹೇಳು. ಹಿಂದಕ್ಕ ತಗೊಂಡು ಬ್ಯಾರೆ ಕೊಡು ಅನ್ನು.”

“ಈಗ ಮೀಟಿಂಗ್ ಇದೆ ಅತ್ತೆ, ಸಂಜೆ ಹೇಳ್ತೀನಿ.”

“ಈಗಽ ಬರಿ. ಆಕಿ ಮಲಗಿಬಿಡ್ತಾಳ.”

ಹಿಂದಕ್ಕೆ ತಗೋ ಎನ್ನುವುದಕ್ಕೆ ನನ್ನ ಎರಡು ಹಂತದಲ್ಲಿ ಪದವಿರಲಿಲ್ಲ. “ಆ ಪದ ಬೇಡ. ಅಮ್ಮನಿಗೆ ಕೋಪ. ಇನ್ನೊಂದು ಕೊಡಿ” ಎಂದು ಬರೆದು, ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕಾದೆ. ಅತ್ತೆಯೂ ಲೈನಿನಲ್ಲೇ ಕಾದರು. ಟಿವಿಯ ಸದ್ದು ಕೇಳುತ್ತಿತ್ತು, ಯಾರೋ ಅದನ್ನು ಆರಿಸಿದರು. ಐದಾರು ನಿಮಿಷಕ್ಕೆ ಉತ್ತರ ಬಂತು. ಮೊದಲು ಒಂದು ಕ್ಷಮೆ, ಕೆಳಗೆ ಒಂದೇ ಪದ. ‘ಮರು’.

“ಮರು ಅಂತೆ ಅತ್ತೆ. ಅವರಲ್ಲಿ ಮರು ಅಂದ್ರೆ ವೃತ್ತ, ಗುಂಡಗೆ ಇರೋದು.”

“ನಮ್ಮಲ್ಲೆ ಮರು ಅಂದ್ರ ಮತ್ತ ಅಂತ. ಅದನ್ನೂ ಆಕಿಗೆ ಹೇಳು,” ಅಂದ ಅತ್ತೆಯ ದನಿ ಸ್ವಲ್ಪ ಒಡೆದಿತ್ತು. ಮೂಗು ಒರೆಸಿಕೊಂಡ ಸದ್ದಾಯಿತು. “ಡಾಕ್ಟರ್ ಕಣ್ಣಾಗ ನೀರು ಬರಬಾರದಂದಾರ. ಫೋನ್ ಇಡು ಇನ್ನ.”

ನಾನು ಅದನ್ನೂ ಬರೆದು ಕಳಿಸಿ ಮೀಟಿಂಗಿಗೆ ಹೋಗುವಷ್ಟರಲ್ಲಿ ಹನ್ನೆರಡು ನಿಮಿಷ ತಡವಾಗಿತ್ತು. ಬೌಲಿಂಗ್ ಮ್ಯಾನೇಜರ್ ಗಡಿಯಾರ ನೋಡಿ ಕಾರಣ ಕೇಳಿದರು. ಟ್ರಾಫಿಕ್ ಎಂದೆ.